ಡೆಂಪ್‌ಸ್ಟರ್: ಹಳಿ ಕೀಳುವ ಮೊದಲೇ ಮರುಜೀವ ಪಡೆದ ನಿಲ್ದಾಣ

ಚಿಕಾಗೊ ನಗರದ ಉತ್ತರದ ಅಂಚಿನಲ್ಲಿ ಹಾವರ್ಡ್ ಎಂಬ ದೊಡ್ಡ ನಿಲ್ದಾಣವಿದೆ. ನಗರದ ಹೊಟ್ಟೆಯನ್ನು ಸೀಳಿಕೊಂಡು ಬರುವ ಕೆಂಪು ಮಾರ್ಗದ ರೈಲು ಅಲ್ಲಿ ನಿಲ್ಲುತ್ತದೆ. ನೇರಳೆ ಮಾರ್ಗದ್ದು ಮುಂದೆ ಇವಾನ್‌ಸ್ಟನ್ ಕಡೆ ಹೋಗುತ್ತದೆ. ಇವೆರಡರ ನಡುವೆ ಎರಡೇ ಡಬ್ಬಿಯ ಪುಟ್ಟ ರೈಲೊಂದು ಬಂದು ನಿಂತು, ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿಕೊಂಡು ಪಶ್ಚಿಮಕ್ಕೆ ತಿರುಗುತ್ತದೆ. ಅದೇ ಹಳದಿ ಮಾರ್ಗ. ಹಳಬರ ಬಾಯಲ್ಲಿ ಇಂದಿಗೂ ‘ಸ್ಕೋಕಿ ಸ್ವಿಫ್ಟ್’. ಒಟ್ಟು ಉದ್ದ ಏಳೂವರೆ ಕಿಲೋಮೀಟರ್‌ಗೆ ತುಸು ಹೆಚ್ಚು, ನಿಲ್ದಾಣಗಳು ಮೂರೇ ಮೂರು. 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿದ ನಮ್ಮ ಮೆಟ್ರೊದ ಮೊದಲ ತುಂಡು 6.7 ಕಿಲೋಮೀಟರ್ ಇತ್ತು, ಅದರಲ್ಲಿ ಆರು ನಿಲ್ದಾಣಗಳಿದ್ದವು. ಅಳತೆಯಲ್ಲಿ ಇದು ಅದರ ಸರೀಕ.

ಈ ಮಾರ್ಗದ ಕೊನೆಯ ನಿಲ್ದಾಣವೇ ಸ್ಕೋಕಿ ಊರಿನ ಡೆಂಪ್‌ಸ್ಟರ್. ದೊಡ್ಡ ಗೋಪುರವಿಲ್ಲ, ನೋಡಲು ಜನ ಬರುವಂಥ ವೈಭವವೂ ಇಲ್ಲ. ಆದರೆ ಒಂದು ಶತಮಾನದಲ್ಲಿ ಈ ನಿಲ್ದಾಣಕ್ಕೆ ಎರಡು ಸಲ ಅಂತ್ಯಕಾಲ ಬಂದಿತ್ತು. ಎರಡನೆಯ ಸಲ ಅದು ಬದುಕಿದ ಬಗೆಯನ್ನು ಅಮೆರಿಕದ ಸಾರಿಗೆ ಇಲಾಖೆಗಳು ದಶಕಗಳ ಕಾಲ ಉದಾಹರಣೆಯಾಗಿ ಹೇಳಿಕೊಂಡು ಬಂದಿವೆ.

ಕಥೆ ಶುರುವಾಗುವುದು ಸ್ಯಾಮ್ಯುಯೆಲ್ ಇನ್ಸಲ್ ಎಂಬ ಮನುಷ್ಯನಿಂದ. 1859ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, 1881ರಲ್ಲಿ ಥಾಮಸ್ ಎಡಿಸನ್ನರ ಕಾರ್ಯದರ್ಶಿಯಾಗಿ ಅಮೆರಿಕಕ್ಕೆ ಬಂದವರು ಇನ್ಸಲ್. ಮುಂದೆ ಚಿಕಾಗೊಗೆ ಬಂದು ಇಡೀ ಪ್ರಾಂತ್ಯದ ವಿದ್ಯುತ್ ವ್ಯವಹಾರವನ್ನೇ ಕೈಗೆ ತೆಗೆದುಕೊಂಡರು. ಕರೆಂಟು ಮಾರುವವರಿಗೆ ಕರೆಂಟು ಸುಡುವ ಗಿರಾಕಿ ಬೇಕಲ್ಲ? ವಿದ್ಯುತ್ ರೈಲಿಗಿಂತ ದೊಡ್ಡ ಗಿರಾಕಿ ಆ ಕಾಲದಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಚಿಕಾಗೊದ ಎತ್ತರಿಸಿದ ರೈಲುಗಳೂ, ಚಿಕಾಗೊ–ಮಿಲ್ವಾಕಿ ನಡುವೆ ಓಡುತ್ತಿದ್ದ ನಾರ್ತ್ ಶೋರ್ ಲೈನ್ ಎಂಬ ವಿದ್ಯುತ್ ರೈಲು ಕಂಪನಿಯೂ ಅವರ ಹಿಡಿತಕ್ಕೆ ಬಂದವು.

ನಾರ್ತ್ ಶೋರ್ ಲೈನಿನ ಹಳೆಯ ಹಾದಿ ಮಿಶಿಗನ್ ಸರೋವರದ ದಡದ ಊರುಗಳ ನಡುವೆ ಹಾಯುತ್ತಿತ್ತು. ಅಡಿಗಡಿಗೂ ನಿಲ್ದಾಣ, ಕೆಲವೆಡೆ ನಡುಬೀದಿಯಲ್ಲೇ ಓಟ. ವೇಗ ಸಾಧ್ಯವೇ ಇರಲಿಲ್ಲ. ಇನ್ಸಲ್ ಅದಕ್ಕೊಂದು ಬಳಸುದಾರಿ ಹುಡುಕಿದರು. ದಡದಿಂದ ಪಶ್ಚಿಮಕ್ಕೆ ಸರಿದು, ತರಕಾರಿ ಹೊಲಗಳ ನಡುವೆ, ತಮ್ಮದೇ ಹೈಟೆನ್ಷನ್ ವಿದ್ಯುತ್ ಕಂಬಗಳ ಪಕ್ಕದಲ್ಲಿ ಹೊಸ ಹಳಿ ಹಾಕಿಸಿದರು. 1926ರ ಜೂನ್‌ನಲ್ಲಿ ಆ ‘ಸ್ಕೋಕಿ ವ್ಯಾಲಿ’ ಮಾರ್ಗ ಪೂರ್ತಿ ತೆರೆಯಿತು. ಅದಕ್ಕೂ ಒಂದು ವರ್ಷ ಮೊದಲೇ, 1925ರ ಮಾರ್ಚ್‌ನಲ್ಲಿ, ಚಿಕಾಗೊದ ನಗರ ರೈಲು ಡೆಂಪ್‌ಸ್ಟರ್ ಬೀದಿಯವರೆಗೆ ಬಂದು ಮುಟ್ಟಿತ್ತು. ಒಂದೇ ಹಳಿಯ ಮೇಲೆ ನಗರದ ಲೋಕಲ್ಲೂ ದೂರದೂರಿನ ಎಕ್ಸ್‌ಪ್ರೆಸ್ಸೂ ಓಡತೊಡಗಿದವು. ನಿಲ್ದಾಣದ ಕಟ್ಟಡವನ್ನು ವಿನ್ಯಾಸ ಮಾಡಿದವರು ಆರ್ಥರ್ ಗರ್ಬರ್. ಇನ್ಸಲ್ ಕಂಪನಿಗಳ ಹಲವು ನಿಲ್ದಾಣಗಳ ವಾಸ್ತುಶಿಲ್ಪಿ ಅವರೇ.

ಆಗ ಊರಿನ ಹೆಸರು ಸ್ಕೋಕಿ ಅಲ್ಲ, ನೈಲ್ಸ್ ಸೆಂಟರ್. ಜರ್ಮನಿ, ಲಕ್ಸೆಂಬರ್ಗ್ ಮೂಲದ ರೈತರ ಹಳ್ಳಿ. 1920ರ ಜನಗಣತಿಯಲ್ಲಿ ಅಲ್ಲಿದ್ದವರು 763 ಮಂದಿ. ರೈಲು ಬರುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಹೊಲಗಳೆಲ್ಲ ಸೈಟುಗಳಾದವು. ಬೀದಿಗೆ ಡಾಂಬರು ಬಿತ್ತು, ಕಾಲುದಾರಿಗೆ ಸಿಮೆಂಟು ಬಿತ್ತು, ಮಾರಾಟದ ಭರಾಟೆ ನಡೆಯಿತು. ಬೆಂಗಳೂರಿನ ಸುತ್ತಮುತ್ತ ಮೆಟ್ರೊ ನಕ್ಷೆ ಪ್ರಕಟವಾದ ಮರುದಿನವೇ ಲೇಔಟುಗಳ ಬೋರ್ಡು ಏಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1929ರಲ್ಲಿ ಷೇರು ಪೇಟೆ ಕುಸಿಯಿತು. ಮನೆ ಕಟ್ಟಬೇಕಿದ್ದವರು ನಾಪತ್ತೆಯಾದರು. ಮನೆಗಳಿಲ್ಲದ ಬೀದಿಗಳು ಎರಡನೇ ಮಹಾಯುದ್ಧ ಮುಗಿಯುವತನಕ ಹುಲ್ಲು ಬೆಳೆಸಿಕೊಂಡು ಬಿದ್ದಿದ್ದವು.

ಇನ್ಸಲ್ ಸಾಮ್ರಾಜ್ಯವೂ ಆ ಕುಸಿತದಲ್ಲೇ ಉರುಳಿತು. ಗ್ರೀಸ್‌ಗೆ ಹೋಗಿದ್ದ ಅವರನ್ನು ಹಿಡಿದು ತಂದು ವಿಚಾರಣೆ ನಡೆಸಿದರು. ನ್ಯಾಯಾಲಯ ನಿರ್ದೋಷಿ ಎಂದಿತು. 1938ರ ಜುಲೈನಲ್ಲಿ ಪ್ಯಾರಿಸ್ ಮೆಟ್ರೊದ ನಿಲ್ದಾಣವೊಂದರ ಮೆಟ್ಟಿಲಿಳಿದು ಟಿಕೆಟ್ ನೋಡುವವನ ಬಳಿ ಬರುವಷ್ಟರಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಅಷ್ಟೊಂದು ರೈಲು ಓಡಿಸಿದವರ ಪ್ರಾಣ ಹೋದದ್ದೂ ರೈಲು ನಿಲ್ದಾಣದಲ್ಲೇ.

ನೈಲ್ಸ್ ಸೆಂಟರ್ 1940ರಲ್ಲಿ ತನ್ನ ಹೆಸರನ್ನು ಸ್ಕೋಕಿ ಎಂದು ಬದಲಾಯಿಸಿಕೊಂಡಿತು. ಆದರೆ ರೈಲಿಗೆ ಸಾಕಷ್ಟು ಜನ ಹತ್ತುತ್ತಿರಲಿಲ್ಲ. ನಗರ ಸಾರಿಗೆಯ ಹೊಣೆ ಹೊತ್ತ ಚಿಕಾಗೊ ಟ್ರಾನ್ಸಿಟ್ ಅಥಾರಿಟಿ, ಅಂದರೆ ಸಿಟಿಎ, 1948ರ ಮಾರ್ಚ್‌ನಲ್ಲಿ ಡೆಂಪ್‌ಸ್ಟರ್‌ವರೆಗಿನ ಲೋಕಲ್ ರೈಲನ್ನು ನಿಲ್ಲಿಸಿ ಬಸ್ಸು ಬಿಟ್ಟಿತು. ನಿಲ್ದಾಣಕ್ಕೆ ಬಂದ ಮೊದಲ ಅಂತ್ಯಕಾಲ ಅದು. ಹಳಿಗಳ ಮೇಲೆ ನಾರ್ತ್ ಶೋರ್ ರೈಲುಗಳು ಮಾತ್ರ ಉಳಿದವು.

ವಿಧಿಯಾಟವೆಂದರೆ, ಲೋಕಲ್ ರೈಲು ನಿಂತ ಮೇಲೆಯೇ ಊರು ಬೆಳೆಯಿತು! 1950ರಲ್ಲಿ 14,832 ಇದ್ದ ಜನಸಂಖ್ಯೆ 1960ಕ್ಕೆ 59,364. ಹತ್ತೇ ವರ್ಷದಲ್ಲಿ ನಾಲ್ಕು ಪಟ್ಟು. ಇಪ್ಪತ್ತರ ದಶಕದ ಆ ಪಾಳು ಬೀದಿಗಳ ಉದ್ದಕ್ಕೂ ಮನೆಗಳೆದ್ದವು. ನಗರದಿಂದ ಯಹೂದಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನೆಲೆಸಿದವು. ಯುರೋಪಿನ ನಾಜಿ ಶಿಬಿರಗಳಿಂದ ಬದುಕಿ ಬಂದವರೂ ಅವರಲ್ಲಿ ಬಹಳ ಮಂದಿ ಇದ್ದರು. ಎಡೆನ್ಸ್ ಹೆದ್ದಾರಿ 1951ರಲ್ಲಿ ತೆರೆಯಿತು. 1956ರಲ್ಲಿ ಓಲ್ಡ್ ಆರ್ಚರ್ಡ್ ಎಂಬ ವಿಶಾಲವಾದ ಮಾರುಕಟ್ಟೆ ಸಮುಚ್ಚಯ ಬಂತು. ಎಲ್ಲರ ಮನೆ ಮುಂದೆಯೂ ಕಾರು.

ಆ ಹೆದ್ದಾರಿಯೇ ನಾರ್ತ್ ಶೋರ್ ಲೈನಿನ ಪ್ರಯಾಣಿಕರನ್ನು ಕಸಿಯಿತು. 1941ರಲ್ಲಿ ತಂದ ‘ಎಲೆಕ್ಟ್ರೊಲೈನರ್’ ಎಂಬ ಚೆಂದದ ಎರಡು ರೈಲುಗಳಿಂದಲೂ ಕಂಪನಿ ಉಳಿಯಲಿಲ್ಲ. 1963ರ ಜನವರಿ 21ರ ಬೆಳಗಿನ ಜಾವ, ಮೈ ಕೊರೆಯುವ ಚಳಿಯಲ್ಲಿ, ಕೊನೆಯ ರೈಲುಗಳು ಓಡಿ ಮುಗಿದವು. ಡೆಂಪ್‌ಸ್ಟರ್‌ನಿಂದ ಉತ್ತರಕ್ಕಿದ್ದ ಹಳಿ ಗುಜರಿಗೆ ಹೋಯಿತು.

ದಕ್ಷಿಣಕ್ಕಿದ್ದ ತುಂಡು ಮಾತ್ರ ಉಳಿಯಿತು. ಅದು ಉಳಿಯಲು ಒಂದು ಕಾರಣ ತೀರಾ ಸಾಧಾರಣದ್ದು. ರೈಲು ಡಬ್ಬಿಗಳನ್ನು ದುರಸ್ತಿ ಮಾಡುವ ಸಿಟಿಎಯ ಕಾರ್ಯಾಗಾರ ಸ್ಕೋಕಿಯಲ್ಲೇ, ಈ ಹಳಿಯ ಪಕ್ಕದಲ್ಲೇ ಇತ್ತು. ಅಲ್ಲಿಗೆ ಡಬ್ಬಿ ಸಾಗಿಸಲು ಹಳಿ ಬೇಕೇ ಬೇಕು. ಹೇಗೂ ಹಳಿ ಇಟ್ಟುಕೊಳ್ಳಬೇಕಾದ ಮೇಲೆ ಜನರನ್ನೇ ಯಾಕೆ ಸಾಗಿಸಬಾರದು ಎಂಬ ಯೋಚನೆ ಸಿಟಿಎಯ ಒಳಗೆ ಹುಟ್ಟಿತು. ಯೋಜನೆಯ ಮುಂದಾಳಾಗಿ ನಿಂತವರು ಜಾರ್ಜ್ ಕ್ರಾಂಬಲ್ಸ್ ಎಂಬ ಎಂಜಿನಿಯರ್. ಕೇಂದ್ರ ಸರ್ಕಾರ ಆಗತಾನೇ ನಗರ ಸಾರಿಗೆಯ ಪ್ರಯೋಗಗಳಿಗೆ ಹಣ ಕೊಡಲು ಶುರುಮಾಡಿತ್ತು. ಕೇಂದ್ರ, ಸಿಟಿಎ, ಸ್ಕೋಕಿ ಪುರಸಭೆ ಮೂವರೂ ಕೈಜೋಡಿಸಿ ಎರಡು ವರ್ಷದ ಪ್ರಯೋಗಕ್ಕೆ ಒಪ್ಪಿದರು. ನಾರ್ತ್ ಶೋರ್ ನಿಂತ ಹದಿನೈದು ತಿಂಗಳಿಗೆ, 1964ರ ಏಪ್ರಿಲ್ 20ರಂದು, ಸ್ಕೋಕಿ ಸ್ವಿಫ್ಟ್ ಓಡಿತು.

ಪ್ರಯೋಗದ ಸೊಗಸೆಲ್ಲ ಅದರ ಸರಳತೆಯಲ್ಲಿತ್ತು. ಹಳೆಯ ಲೋಕಲ್ಲಿನ ನಡುವಿನ ನಿಲ್ದಾಣಗಳನ್ನೆಲ್ಲ ಕೈಬಿಟ್ಟರು. ಡೆಂಪ್‌ಸ್ಟರ್‌ನಲ್ಲಿ ಹತ್ತಿದರೆ ಹಾವರ್ಡ್‌ನಲ್ಲೇ ಇಳಿಯುವುದು. ಏಳು ನಿಮಿಷದೊಳಗೆ ಪ್ರಯಾಣ ಮುಗಿಯುತ್ತಿತ್ತು. ಉದ್ದದ ರೈಲಿನ ಬದಲು ಒಂದೇ ಒಂದು ಡಬ್ಬಿ, ಅದಕ್ಕೊಬ್ಬನೇ ನೌಕರ. ಡಬ್ಬಿ ಚಿಕ್ಕದಾದ್ದರಿಂದ ಬೇಗ ಬೇಗ ಬಿಡಲು ಸಾಧ್ಯವಾಯಿತು. ನಿಲ್ದಾಣದ ಪಕ್ಕದಲ್ಲಿ ಕಾರು ನಿಲ್ಲಿಸಲು ಜಾಗ ಮಾಡಿದರು. ಕಾರನ್ನು ಬಿಡಿ ಎಂದು ಯಾರಿಗೂ ಉಪದೇಶ ಮಾಡಲಿಲ್ಲ, ಇಲ್ಲಿಯವರೆಗೆ ಕಾರಿನಲ್ಲೇ ಬನ್ನಿ ಎಂದರು. ಉಪನಗರದ ಮನುಷ್ಯನ ಸ್ವಭಾವ ತಿಳಿದವರು ಮಾಡಿದ ಕೆಲಸವಿದು. ದಿನಕ್ಕೆ ಸಾವಿರದೈನೂರು ಜನ ಬಂದರೆ ಸಾಕೆಂದು ಸಿಟಿಎ ಅಂದಾಜು ಮಾಡಿತ್ತು. ಮೊದಲ ದಿನವೇ ಹತ್ತಿರ ಹತ್ತಿರ ನಾಲ್ಕು ಸಾವಿರ ಜನ ಹತ್ತಿದರು. ಎರಡು ವರ್ಷ ಮುಗಿದಾಗ ನಿಲ್ಲಿಸುವ ಮಾತೇ ಬರಲಿಲ್ಲ.

ಓಟದ ನಡುವೆ ನಡೆಯುತ್ತಿದ್ದ ಒಂದು ಕೈಚಳಕವನ್ನು ರೈಲು ಪ್ರೇಮಿಗಳು ಈಗಲೂ ನೆನೆಯುತ್ತಾರೆ. ಹಾವರ್ಡ್ ಬಿಟ್ಟ ರೈಲು ಇವಾನ್‌ಸ್ಟನ್ನಿನ ತಗ್ಗು ಕಾಲುವೆಯಂಥ ಹಾದಿಯಲ್ಲಿ ಸಾಗಿ, ನಾರ್ತ್ ಶೋರ್ ಚಾನೆಲ್ ಎಂಬ ಕಾಲುವೆಯನ್ನು ದಾಟುವವರೆಗೂ ಹಳಿಯ ಪಕ್ಕದ ಮೂರನೇ ಹಳಿಯಿಂದಲೇ ವಿದ್ಯುತ್ ಪಡೆಯುತ್ತಿತ್ತು. ಮುಂದೆ ಸ್ಕೋಕಿಯಲ್ಲಿ ಹಳಿ ರಸ್ತೆಯ ಮಟ್ಟಕ್ಕೆ ಬರುತ್ತದೆ, ಅಲ್ಲಿ ತಲೆಯ ಮೇಲಿನ ತಂತಿ. ಮೂರನೇ ಹಳಿ ಮುಗಿಯುವ ಜಾಗದಲ್ಲಿ ರೈಲು ನಿಲ್ಲುತ್ತಿರಲಿಲ್ಲ. ಚಾಲಕ ಓಟದಲ್ಲೇ ಮಾಡಿನ ಮೇಲಿನ ಪ್ಯಾಂಟೊಗ್ರಾಫನ್ನು ಎತ್ತುತ್ತಿದ್ದ. ಅದು ಮೇಲೇರಿ ತಂತಿಯನ್ನು ಹಿಡಿಯುತ್ತಿತ್ತು. ಮರಳುವಾಗ ಹಾಗೆಯೇ ಇಳಿಸುತ್ತಿದ್ದ. ಒಂಟಿ ಡಬ್ಬಿ, ರಸ್ತೆ ಗೇಟು, ತಲೆಯ ಮೇಲೆ ತಂತಿ ಇವೆಲ್ಲ ಇದ್ದುದರಿಂದಲೇ, ಲೈಟ್ ರೈಲ್ ಎಂಬ ಮಾತು ಅಮೆರಿಕದಲ್ಲಿ ಬಳಕೆಗೆ ಬರುವ ಮೊದಲೇ ಅದರ ಗುಣಗಳು ಸ್ಕೋಕಿಯಲ್ಲಿ ಕಂಡಿದ್ದವು. 2004ರಲ್ಲಿ ತಂತಿ ತೆಗೆದು ಪೂರ್ತಿ ದೂರಕ್ಕೂ ಮೂರನೇ ಹಳಿ ಹಾಕಿದರು. ನಿರ್ವಹಣೆಗೆ ಅದೇ ಸುಲಭ. ಆದರೂ ನೋಡುವ ಚೆಂದವೊಂದು ಹೋಯಿತು.

ಗರ್ಬರ್ ವಿನ್ಯಾಸದ ನಿಲ್ದಾಣದ ಕಟ್ಟಡ ಈ ಶತಮಾನದ ಆರಂಭದಲ್ಲಿ ಸುತ್ತಲ ಜಾಗದ ಅಭಿವೃದ್ಧಿಗೆ ಅಡ್ಡವಾದಾಗ ಅದನ್ನು ಕೆಡವಲಿಲ್ಲ. ಬುಡಸಮೇತ ಎತ್ತಿ ಸ್ವಲ್ಪ ಪೂರ್ವಕ್ಕೆ ಸರಿಸಿ ಕೂರಿಸಿದರು.

ಸ್ಕೋಕಿಯಂತೆ ತನ್ನ ರೈಲನ್ನು ಉಳಿಸಿಕೊಳ್ಳದ ಡೆಟ್ರಾಯಿಟ್ ಕಡೆ ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಅಲ್ಲಿ ನಗರಸಭೆಯೇ 1922ರಿಂದ ಟ್ರಾಮ್ ನಡೆಸುತ್ತಿತ್ತು. 1956ರ ಏಪ್ರಿಲ್‌ನಲ್ಲಿ ವುಡ್‌ವರ್ಡ್ ಅವೆನ್ಯೂನಲ್ಲಿ ಕೊನೆಯ ಟ್ರಾಮ್ ಓಡಿತು, ಇನ್ನೂ ಗಟ್ಟಿಯಾಗಿದ್ದ ಡಬ್ಬಿಗಳು ಮೆಕ್ಸಿಕೊ ನಗರಕ್ಕೆ ಮಾರಾಟವಾದವು. ಪಾಂಟಿಯಾಕ್‌ನಿಂದ ಬರ್ಮಿಂಗ್‌ಹ್ಯಾಮ್, ರಾಯಲ್ ಓಕ್ ಮೂಲಕ ಡೆಟ್ರಾಯಿಟ್‌ಗೆ ಬರುತ್ತಿದ್ದ ಉಪನಗರ ರೈಲು 1983ರ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಬರ್ಮಿಂಗ್‌ಹ್ಯಾಮ್‌ನ ಹಳೆಯ ನಿಲ್ದಾಣ ಊಟದ ಹೋಟೆಲಾಯಿತು. ಅದಾದ ಮೇಲೆ ಬಂದವೆಲ್ಲ ನಗರದೊಳಗಿನ ತುಂಡುಗಳೇ: 1987ರಲ್ಲಿ ನಡುಪೇಟೆಯನ್ನು ಸುತ್ತುವ ಪೀಪಲ್ ಮೂವರ್, 2017ರಲ್ಲಿ ವುಡ್‌ವರ್ಡ್ ಮೇಲೆ ಐದು ಕಿಲೋಮೀಟರ್ ಚಿಲ್ಲರೆ ದೂರದ ಕ್ಯೂಲೈನ್. ಎರಡೂ ಉಪನಗರ ಮುಟ್ಟುವುದಿಲ್ಲ. ನಾಲ್ಕು ಜಿಲ್ಲೆಗಳನ್ನು ಜೋಡಿಸುವ ಸಾರಿಗೆಗಾಗಿ ತೆರಿಗೆ ಕೊಡುತ್ತೀರಾ ಎಂದು 2016ರ ನವೆಂಬರ್‌ನಲ್ಲಿ ಮತದಾರರನ್ನು ಕೇಳಿದಾಗ ಸಣ್ಣ ಅಂತರದಲ್ಲಿ ಬೇಡ ಎಂಬ ಉತ್ತರ ಬಂತು. ಟ್ರಾಯ್, ನೋವಾಯ್, ಫಾರ್ಮಿಂಗ್ಟನ್ ಹಿಲ್ಸ್‌ಗಳಲ್ಲಿ ನೆಲೆಸಿ ಮೋಟಾರು ಕಂಪನಿಗಳಲ್ಲಿ ದುಡಿಯುವ, ಪಂಪ ಕನ್ನಡ ಕೂಟದ ಹಬ್ಬಗಳಲ್ಲಿ ಸೇರುವ ಕನ್ನಡಿಗರಿಗೆ ಕಾರಿಲ್ಲದೆ ಕಾಲೂರುವಂತಿಲ್ಲ. ಊರಿನಿಂದ ಬಂದ ವಯಸ್ಸಾದ ತಂದೆತಾಯಿ ಮಕ್ಕಳು ಕೆಲಸದಿಂದ ಬರುವವರೆಗೆ ಮನೆಯಲ್ಲೇ ಕಾಯಬೇಕು. ಒಂದು ಸಲ ಕೈಬಿಟ್ಟ ರೈಲು ದಾರಿಯನ್ನು ಮತ್ತೆ ಕಟ್ಟುವುದು ಎಷ್ಟು ಕಷ್ಟ ಎಂಬುದಕ್ಕೆ ಡೆಟ್ರಾಯಿಟ್ ಸಾಕ್ಷಿ.

ಸ್ಕೋಕಿಯ ಮಾರ್ಗಕ್ಕೂ ಕಷ್ಟಗಳು ತಪ್ಪಲಿಲ್ಲ. 1993ರಲ್ಲಿ ಸಿಟಿಎ ಎಲ್ಲ ಮಾರ್ಗಗಳಿಗೂ ಬಣ್ಣದ ಹೆಸರಿಟ್ಟಾಗ ಇದಕ್ಕೆ ಹಳದಿ ಬಂತು. 2012ರ ಏಪ್ರಿಲ್ 30ರಂದು ಊರಿನ ಹಳೇ ಪೇಟೆಗೆ ಹತ್ತಿರವಾಗಿ ಓಕ್‌ಟನ್ ನಿಲ್ದಾಣ ತೆರೆಯಿತು. ಅರ್ಧ ಶತಮಾನದ ನಂತರ ನಡುದಾರಿಯಲ್ಲೊಂದು ನಿಲುಗಡೆ. ಆಗಲೇ ಕೊನೆಯ ನಿಲ್ದಾಣಕ್ಕೆ ‘ಡೆಂಪ್‌ಸ್ಟರ್–ಸ್ಕೋಕಿ’ ಎಂಬ ಈಗಿನ ಹೆಸರು ಬಂತು. ಮೂರು ವರ್ಷವಾಗುತ್ತಲೇ, 2015ರ ಮೇ 17ರಂದು, ಪಕ್ಕದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕಾಮಗಾರಿ ನಡೆಯುತ್ತಿದ್ದಾಗ ಹಳಿಯ ಕೆಳಗಿನ ಮಣ್ಣಿನ ಏರಿಯೇ ಕುಸಿಯಿತು. ಅಕ್ಟೋಬರ್ 30ರವರೆಗೆ ರೈಲಿಲ್ಲ. ಐದು ತಿಂಗಳಿಗೂ ಮೇಲೆ ಜನ ಬಸ್ಸಿನಲ್ಲಿ ಓಡಾಡಿದರು.

2023ರ ನವೆಂಬರ್ 16ರ ಅಪಘಾತ ಇನ್ನೂ ಗಂಭೀರ. ಸ್ಕೋಕಿಯಿಂದ ಬರುತ್ತಿದ್ದ ರೈಲು ಹಾವರ್ಡ್ ಸಮೀಪ ಅದೇ ಹಳಿಯ ಮೇಲಿದ್ದ ಹಿಮ ತೆಗೆಯುವ ಯಂತ್ರಕ್ಕೆ ಗುದ್ದಿತು. ಚಾಲಕ ಬ್ರೇಕ್ ಹಾಕಿದ್ದ, ಆದರೆ ಗಾಲಿ ಜಾರಿತು. ಸಿಗ್ನಲ್ ವ್ಯವಸ್ಥೆಯನ್ನು 1,780 ಅಡಿಯಲ್ಲಿ ರೈಲು ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ರೂಪಿಸಲಾಗಿತ್ತು, ಈಗಿನ ಲೆಕ್ಕದಲ್ಲಿ ಬೇಕಾದದ್ದು 2,745 ಅಡಿ ಎಂದು ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿತು. ಹಲವರು ಗಾಯಗೊಂಡರು. ಮಾರ್ಗ ಮುಚ್ಚಿತು. 2024ರ ಜನವರಿ 5ರಂದು ಮತ್ತೆ ತೆರೆದಾಗ ರೈಲುಗಳ ವೇಗ ಮಿತಿಯನ್ನು ತಗ್ಗಿಸಲಾಗಿತ್ತು. ವೇಗವನ್ನೇ ಹೆಸರಾಗಿ ಹೊತ್ತ ಮಾರ್ಗ ಸುರಕ್ಷತೆಗಾಗಿ ನಿಧಾನವಾಯಿತು, ಆಗಬೇಕಾದದ್ದೂ ಅದೇ.

ಡೆಂಪ್‌ಸ್ಟರ್‌ನಿಂದಾಚೆ, ನಾರ್ತ್ ಶೋರ್ ಹಳಿ ಕಿತ್ತ ದಿಕ್ಕಿಗೇ, ಓಲ್ಡ್ ಆರ್ಚರ್ಡ್‌ವರೆಗೆ ರೈಲನ್ನು ವಿಸ್ತರಿಸುವ ಯೋಚನೆ ಈ ಶತಮಾನದ ಮೊದಲ ದಶಕದಲ್ಲಿ ಬಲವಾಗಿತ್ತು. ಸಿಟಿಎ ಅಧ್ಯಯನವನ್ನೂ ಮಾಡಿಸಿತು. ಹಾದಿ ಪ್ರೌಢಶಾಲೆಯೊಂದರ ಪಕ್ಕದಲ್ಲೇ ಹಾಯುತ್ತದೆ ಎಂಬ ಆಕ್ಷೇಪ ಎದ್ದಿತು, ಹಣವೂ ಒದಗಲಿಲ್ಲ. ವಿಸ್ತರಣೆ ಅಲ್ಲಿಗೇ ನಿಂತಿದೆ. ರೈಲು ಹೋಗದ ಕಡೆಗೆ ಈಗ ಬಸ್ಸು ಹೋಗುತ್ತದೆ. ಉಪನಗರಗಳ ಬಸ್ ಸಂಸ್ಥೆ ಪೇಸ್ 2023ರಲ್ಲಿ ಡೆಂಪ್‌ಸ್ಟರ್ ಬೀದಿಗುಂಟ ‘ಪಲ್ಸ್’ ಎಂಬ ವೇಗದ ಬಸ್ಸುಗಳನ್ನು ಬಿಟ್ಟಿದೆ. ಅವು ಇವಾನ್‌ಸ್ಟನ್‌ನಿಂದ ಹೊರಟು ಓ’ಹೇರ್ ವಿಮಾನ ನಿಲ್ದಾಣದವರೆಗೆ ಹೋಗುತ್ತವೆ. ಸೂಟ್‌ಕೇಸ್ ಹಿಡಿದು ಹಳದಿ ರೈಲಿನಿಂದ ಡೆಂಪ್‌ಸ್ಟರ್‌ನಲ್ಲಿ ಇಳಿದವರು ನಗರದ ಮಧ್ಯಕ್ಕೆ ಹೋಗಿ ಸುತ್ತಬೇಕಿಲ್ಲ, ಅಲ್ಲಿಂದಲೇ ವಿಮಾನ ನಿಲ್ದಾಣದ ಬಸ್ಸು ಹಿಡಿಯಬಹುದು.