ನಿಮಗಿದು ಗೊತ್ತೆ? ತೊಗರಿ ಬೇರಿನ ಗುಟ್ಟು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಲ್ಲಿ ತೊಗರಿ ರಾಶಿ ಮುಗಿದರೆ ಕಟ್ಟಿಗೆ ಒಲೆಗೆ ಹೋಗುತ್ತದೆ, ಬೇರನ್ನು ಕೇಳುವವರಿಲ್ಲ. ಆ ಬೇರಿನಲ್ಲಿ ಜೆನಿಸ್ಟೀನ್ ಎಂಬ ಪುಟ್ಟ ಅಣುವಿದೆ. ಬಟ್ಟೆಗೆ ಹಳದಿ ಬಣ್ಣ ಕಟ್ಟಲು ಯುರೋಪಿನವರು ಬಳಸುತ್ತಿದ್ದ ಜೆನಿಸ್ಟಾ ಗಿಡದಲ್ಲಿ 1899ರಲ್ಲಿ ಮೊದಲು ಸಿಕ್ಕಿದ್ದರಿಂದ ಈ ಹೆಸರು. ಆ ಗಿಡವೂ ತೊಗರಿ, ಕಡಲೆಗಳ ಬಳಗದ್ದೇ. ಸೋಯಾದಲ್ಲಂತೂ ಇದು ಧಾರಾಳ.

ನಮ್ಮ ಜೀವಕೋಶಗಳಲ್ಲಿ ಕೈನೇಸ್ ಎಂಬ ಕಿಣ್ವಗಳಿವೆ. ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸಿ, ‘ಬೆಳೆ, ಎರಡಾಗು’ ಎಂಬ ಸಂದೇಶ ದಾಟಿಸುವುದು ಇವುಗಳಲ್ಲಿ ಹಲವುಗಳ ಕೆಲಸ. ಎಷ್ಟೋ ಕ್ಯಾನ್ಸರುಗಳಲ್ಲಿ ಈ ಸಂದೇಶ ನಿಲ್ಲುವುದೇ ಇಲ್ಲ. ಎಟಿಪಿ ಕೂರುವ ಜಾಗಕ್ಕೇ ಜೆನಿಸ್ಟೀನ್ ಹೋಗಿ ಕೂತು ಟೈರೋಸಿನ್ ಕೈನೇಸ್ ಎಂಬ ಬಗೆಯ ಕೈನೇಸನ್ನು ತಡೆಯುತ್ತದೆಂದು ಜಪಾನಿನ ವಿಜ್ಞಾನಿಗಳು 1987ರಲ್ಲಿ ತೋರಿಸಿದರು. ಅಂದಿನಿಂದ ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಇದರ ಪರೀಕ್ಷೆ ನಡೆದೇ ಇದೆ.

ಹಾಗೆಂದು ಬೇರು ಕುದಿಸಿ ಕುಡಿಯಲು ಹೊರಟೀರಿ, ಜೋಕೆ! ಜೆನಿಸ್ಟೀನ್ ಒಂದೇ ಗುರಿಯ ಅಣುವಲ್ಲ, ಈಸ್ಟ್ರೋಜೆನ್ ಹಾರ್ಮೋನ್‌ನಂತೆಯೂ ವರ್ತಿಸುತ್ತದೆ. ಕ್ಯಾನ್ಸರಿಗೆ ಔಷಧವೆಂಬ ಮನ್ನಣೆ ಸಿಕ್ಕಿಲ್ಲ. ಕೈನೇಸನ್ನು ತಡೆಯುವ ಇದೇ ಉಪಾಯದ ಇಮ್ಯಾಟಿನಿಬ್ ಮಾತ್ರೆಗೆ ಮಾತ್ರ 2001ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿನ ಚಿಕಿತ್ಸೆಗೆ ಒಪ್ಪಿಗೆ ದೊರೆಯಿತು.