ಹದ್ದು ಹಾರದ ಬಯಲಿನ ಓತಿಕ್ಯಾತ

ಸತಾರಾ ಜಿಲ್ಲೆಯ ಚಾಳಕೇವಾಡಿ ಪಶ್ಚಿಮ ಘಟ್ಟದ ನೆತ್ತಿಯ ಮೇಲಿನ ಬಯಲು. ಜಂಬಿಟ್ಟಿಗೆ ಕಲ್ಲಿನ ಹಾಸು, ನಡುನಡುವೆ ಹುಲ್ಲು. ಮಳೆಗೆ ಮುಂಚಿನ ಬಿರುಬಿಸಿಲಲ್ಲಿ ಅಲ್ಲಿನ ಗಂಡು ಓತಿ ಕಲ್ಲು ಹತ್ತಿ ಗಂಟಲ ಚೀಲ ಬಿಚ್ಚುತ್ತದೆ: ನೀಲಿ, ಕಪ್ಪು, ಕಿತ್ತಳೆ. ಹೆಸರು ಸರಡಾ ಸುಪರ್ಬಾ. ನಮ್ಮ ಅರಕಲಗೂಡಿನ ಬೇಲಿಸಾಲಿನ ಓತಿಕ್ಯಾತದ ಬಂಧುವೇ. ಹೆಣ್ಣನ್ನು ಕರೆಯುವ ಆ ಬಣ್ಣ ಮೇಲೆ ಸುತ್ತುವ ಹದ್ದಿನ ಕಣ್ಣಿಗೂ ಬೀಳುತ್ತದೆ. ಆ ಬಯಲಿನಲ್ಲಿ ಅದನ್ನು ಹಿಡಿದು ತಿನ್ನುವವರಲ್ಲಿ ಹದ್ದು, ಗಿಡುಗಗಳೇ ಮೊದಲು.

ಅದೇ ಬಯಲಿನ ಒಂದು ಭಾಗದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಗಾಳಿಯಂತ್ರಗಳು ತಿರುಗುತ್ತಿದ್ದವು. ಉಳಿದ ಭಾಗದಲ್ಲಿ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್, ಜೊತೆಗೆ ಅಮೋದ್ ಝಾಂಬ್ರೆ, ಹರ್ಷಲ್ ಭೋಸಲೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಯಂತ್ರಗಳಿರುವ ಕಡೆ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ. ಓತಿಗಳು ಮಾತ್ರ ಬಹಳ ಹೆಚ್ಚು.

ಎಣಿಕೆಗೇ ಅವರು ನಿಲ್ಲಿಸಿದ್ದರೆ ಕತೆ ಅರ್ಧಕ್ಕೇ ನಿಲ್ಲುತ್ತಿತ್ತು. ಓತಿಯ ಕಡೆಗೆ ಹೆಜ್ಜೆ ಹಾಕುತ್ತಾ ಹೋಗಿ, ಎಷ್ಟು ಹತ್ತಿರ ಬಂದ ಮೇಲೆ ಅದು ಓಡುತ್ತದೆ ಎಂದು ಅಳೆದರು. ಯಂತ್ರಗಳ ಕೆಳಗಿನ ಓತಿ ತೀರಾ ಹತ್ತಿರ ಬರುವವರೆಗೂ ಕದಲಲಿಲ್ಲ. ಹಿಡಿದು ರಕ್ತ ಪರೀಕ್ಷಿಸಿದರೆ, ಭಯ–ಒತ್ತಡಕ್ಕೆ ಏರುವ ಕಾರ್ಟಿಕೋಸ್ಟೆರೋನ್ ಹಾರ್ಮೋನೂ ಕಡಿಮೆ. ಕೊಲ್ಲುವವರಿಲ್ಲದ ಊರಿನಲ್ಲಿ ಹೆದರಿಕೆ ರಕ್ತದಿಂದಲೇ ಇಳಿದಿತ್ತು. ಇಡೀ ಅಧ್ಯಯನದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ.

ಹಾಗಂತ ಅವು ಸುಖವಾಗಿರಲಿಲ್ಲ. ಬಾಯಿ ಹೆಚ್ಚಾಗಿ ಹುಳುಹುಪ್ಪಟೆಗೆ ಪೈಪೋಟಿ ಬಿದ್ದು ಮೈ ಬಡಕಲಾಗಿತ್ತು, ಗಂಡುಗಳ ಗಂಟಲ ಬಣ್ಣ ಮಾಸಿತ್ತು. ಹದ್ದಿನ ಮೇಲೂ ಒಬ್ಬ ಬೇಟೆಗಾರ ಬಂದು ಕೂತರೆ ಏನಾಗುತ್ತದೋ, ಗಾಳಿಯಂತ್ರ ಆ ಬಯಲಿಗೆ ಅದನ್ನೇ ಮಾಡಿತ್ತು. 2018ರ ನವೆಂಬರಿನಲ್ಲಿ ‘ನೇಚರ್ ಎಕಾಲಜಿ ಆ್ಯಂಡ್ ಎವಲ್ಯೂಷನ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಹೊಗೆಯಿಲ್ಲದ ವಿದ್ಯುತ್ ನಮಗೆ ಬೇಕೇ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೂ ಇವೇ ಯಂತ್ರಗಳಿವೆ. ಯಾವ ಯೋಜನೆಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕೆಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲವೇ ಇಲ್ಲ. ಅದನ್ನು ಸೇರಿಸಬೇಕು. ಹೊಸ ಕಂಬ ನೆಡುವ ಮೊದಲು ಆ ಗುಡ್ಡದ ಹದ್ದುಗಳನ್ನು ಒಂದು ವರ್ಷವಾದರೂ ಎಣಿಸಬೇಕು.