ಜನ ಇಲ್ಲದ ಊರು, ಕಥೆ ಇರುವ ಊರು

ಗೆಳೆಯರೇ, ಈಗ ಜನರೇ ವಾಸ ಮಾಡದ ಒಂದು ಊರಿದೆ. ಆದರೂ ಅಲ್ಲಿದ್ದವರು ಹೇಗೆ ಬದುಕುತ್ತಿದ್ದರು ಅಂತ ದೂರದ ದೇಶದವರಿಗೂ ಗೊತ್ತು. ಅದು ಹೇಗೆ ಅಂತೀರಾ? ಮುಂದೆ ಓದಿ.

ಯುರೋಪಿನ ಪಶ್ಚಿಮ ತುದಿಯಲ್ಲಿ ಐರ್ಲೆಂಡ್ ದೇಶವಿದೆ. ಅದರ ನೈಋತ್ಯದಲ್ಲಿ ಕೆರ್ರಿ ಎಂಬ ಜಿಲ್ಲೆ. ಆ ದಡದಿಂದ ಸುಮಾರು 2 ಕಿ.ಮೀ. ದೂರದ ಸಮುದ್ರದಲ್ಲಿ ಗ್ರೇಟ್ ಬ್ಲಾಸ್ಕೆಟ್ ಎಂಬ ದ್ವೀಪ. ಇಡೀ ದ್ವೀಪಕ್ಕೆ ಒಂದೇ ಹಳ್ಳಿ. 1916ರಲ್ಲಿ ಅಲ್ಲಿ ಸುಮಾರು 170 ಜನ ಇದ್ದರು. ಅವರ ಮನೆಮಾತು ಇಂಗ್ಲಿಷ್ ಅಲ್ಲ, ಐರಿಷ್.

ಅಲ್ಲಿ ಗಾಳಿ ಬಹಳ ಜೋರು. ಅದಕ್ಕೇ ಕಲ್ಲಿನ ಮನೆಗಳನ್ನು ಗುಡ್ಡದ ಇಳಿಜಾರಿಗೆ ಒತ್ತಿ, ತಗ್ಗಾಗಿ ಕಟ್ಟುತ್ತಿದ್ದರು. ಹುಲ್ಲಿನ ಮಾಡಿನಲ್ಲಿ ಕೋಳಿಗಳು ಗೂಡು ಮಾಡಿ ಮೊಟ್ಟೆ ಇಡ್ತಿದ್ದವಂತೆ! ಸೌದೆಗೆ ಮರ ಇರಲಿಲ್ಲ. ಗುಡ್ಡದಲ್ಲಿ ಪೀಟ್ ಎಂಬ ಕಪ್ಪು ಮಣ್ಣು ಸಿಗುತ್ತದೆ. ಗಿಡಗಳು ಕೊಳೆತು ಆದ ಮಣ್ಣು ಅದು. ಅದನ್ನು ಕಡಿದು ಒಣಗಿಸಿ, ಕತ್ತೆ ಮೇಲೆ ಹೇರಿ ತಂದು ಉರಿಸುತ್ತಿದ್ದರು. ಆಲೂಗಡ್ಡೆ ಬೆಳೆಗೆ ಸಮುದ್ರದ ಪಾಚಿಯೇ ಗೊಬ್ಬರ. ಮರದ ಪಟ್ಟಿಗೆ ಕ್ಯಾನ್ವಾಸ್ ಬಟ್ಟೆ ಬಿಗಿದು, ಟಾರು ಬಳಿದ ಹಗುರ ದೋಣಿಯಲ್ಲಿ ಮೀನು ಹಿಡಿಯಲು ಹೋಗುತ್ತಿದ್ದರು. ಅಂಗಡಿ, ಚರ್ಚು, ಡಾಕ್ಟರು ಯಾವುದೂ ಇಲ್ಲ. ಶಾಲೆ ಮಾತ್ರ ಒಂದಿತ್ತು.

ರಾತ್ರಿ ಒಬ್ಬರ ಮನೆಯಲ್ಲಿ ಎಲ್ಲರೂ ಸೇರಿ ಕಥೆ ಹೇಳುವುದು ಅವರ ರೂಢಿ. ಐರಿಷ್ ಕಲಿಯಲು ಹೊರಗಿನಿಂದ ವಿದ್ವಾಂಸರು ಬಂದರು. ನಿಮ್ಮ ಬದುಕನ್ನು ನೀವೇ ಬರೆಯಿರಿ ಅಂತ ಹುರಿದುಂಬಿಸಿದರು. ತೋಮಾಸ್ ಓ ಕ್ರೋಹನ್ ಎಂಬ ಮೀನುಗಾರ ಐರಿಷ್ ಓದಲು ಕಲಿತದ್ದೇ ದೊಡ್ಡವರಾದ ಮೇಲೆ. ಅವರು ಬರೆದ ಆತ್ಮಕಥೆ 1929ರಲ್ಲಿ ಅಚ್ಚಾಯಿತು. ಪೆಗ್ ಸೇಯರ್ಸ್ ಎಂಬ ಅಜ್ಜಿ ಬಾಯಲ್ಲಿ ಹೇಳುತ್ತಾ ಹೋದರು, ಮಗ ಬರೆದುಕೊಂಡರು. ಆ ಪುಸ್ತಕ ಬಂದದ್ದು 1936ರಲ್ಲಿ.

ಆದರೆ ಹುಡುಗ ಹುಡುಗಿಯರು ಕೆಲಸ ಹುಡುಕಿ ಅಮೆರಿಕಕ್ಕೆ ಹೋಗುತ್ತಾ ಬಂದರು. ಮಕ್ಕಳೇ ಇಲ್ಲದಂತಾಗಿ 1941ರಲ್ಲಿ ಶಾಲೆ ಮುಚ್ಚಿತು. 1946-47ರ ಚಳಿಗಾಲದಲ್ಲಿ ಒಬ್ಬ ಯುವಕನಿಗೆ ಕಾಯಿಲೆ ಆಯಿತು. ಸಮುದ್ರ ಕೆರಳಿತ್ತು, ಡಾಕ್ಟರು ಬರಲು ಆಗಲಿಲ್ಲ. ಅವನು ತೀರಿಕೊಂಡ. ಇನ್ನು ಇಲ್ಲಿರುವುದು ಕಷ್ಟ ಅಂತ ಊರಿನವರೇ ಸರ್ಕಾರವನ್ನು ಕೇಳಿಕೊಂಡರು. ಕೊನೆಗೆ 1953ರ ನವೆಂಬರ್ 17ರಂದು, ಉಳಿದಿದ್ದ ಇಪ್ಪತ್ತು ಚಿಲ್ಲರೆ ಜನರನ್ನು ಎದುರಿನ ದಡಕ್ಕೆ ಸಾಗಿಸುವ ಕೆಲಸ ಶುರುವಾಯಿತು.

ಈಗ ಅಲ್ಲಿ ಮುರಿದ ಗೋಡೆಗಳೇ ಹೆಚ್ಚು. ಬೇಸಿಗೆಯಲ್ಲಿ ಪ್ರವಾಸಿಗರು ದೋಣಿಯಲ್ಲಿ ಬಂದು ನೋಡಿಕೊಂಡು ಹೋಗ್ತಾರೆ. ಪುಸ್ತಕಗಳು ಇಲ್ಲದಿದ್ದರೆ ಅವರಿಗೆ ಅದು ಬರೀ ಕಲ್ಲಿನ ರಾಶಿ.

ಬರೆದವರು ದೊಡ್ಡ ಕಾಲೇಜು ಓದಿದವರಲ್ಲ, ನಮ್ಮ ನಿಮ್ಮ ಮನೆಯವರ ಹಾಗೆ ದುಡಿಯುವವರು. ಆದ್ದರಿಂದ ಗೆಳೆಯರೇ, ನಮ್ಮ ಅಜ್ಜ ಅಜ್ಜಿ ಹೇಳುವುದನ್ನು ನಾವೂ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡೋಣ. ಅವರು ಇರುವಾಗಲೇ ಕೇಳಬೇಕು, ಅಲ್ಲವೇ?

– 7ನೇ ತರಗತಿ